ನಾದಿದ್ದು ಯಾರು

ಟೋರಸ್ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ,
ಆಡಿನ ಕೂದಲಲ್ಲಿ ನೇಯ್ದ ಕರಿ ಡೇರೆಯ ಬಾಗಿಲಿಗೆ,
ಹೇಸರಗತ್ತೆ ಏರಿ ಬಂದ ಸ್ಕೂಲು ಮೇಷ್ಟ್ರು ರೆಫಿಕ್.
ಜೇಬಲ್ಲಿ ಇನ್ನೂರು ಖಾಲಿ ಚೀಟಿ,
ಕಿವಿಯ ಮೇಲೆ ನೇರಳೆ ಪೆನ್ಸಿಲ್ಲು.
ಅಂಕಾರಾದ ಆಜ್ಞೆ: ಜನರ ಬಾಯಲ್ಲಿರುವ ಮಾತು ಹೆಕ್ಕಿ ಕಳಿಸಿ.
ಚೀಟಿಗೊಂದೇ ಮಾತು.
ಅರ್ಥ ಎಡಕ್ಕೆ, ಮೂಲ ಬಲಕ್ಕೆ,
ಹೇಳಿದವರ ಹೆಸರು ಕೆಳಗೆ, ಸ್ಫುಟವಾಗಿ.

ದೊಂದು ಆಗ ಕುರಿಹಾಲು ಕಾಯಿಸಿ ಇಳಿಸಿದ್ದಳು.
ಕಿರುಬೆರಳು ಅದ್ದಿ ಏಳರವರೆಗೆ ಎಣಿಸಿದಳು;
ಐದಕ್ಕೆ ಸುಡಬಾರದು, ಏಳಕ್ಕೆ ಸುಡಬೇಕು.
ಬೋಗುಣಿಯ ಅಂಚಿನಿಂದ, ಕೆನೆಗೆ ನೋವಾಗದ ಹಾಗೆ
ಹೆಪ್ಪು ಜಾರಿಸಿದಳು.

(ಹೆಪ್ಪಿಗೆ ಆ ಸೀಮೆಯಲ್ಲಿ ಮಾಯಾ ಅನ್ನುತ್ತಾರೆ.
ನಮ್ಮ ಮಾಯೆಗೂ ಅದಕ್ಕೂ ನಂಟಿಲ್ಲವಂತೆ.
ಇರಲಿ. ರಾತ್ರಿ ಹಾಲಿನ ಮುಂದೆ ಕೂತು
ಒಮ್ಮೆ ಹೇಳಿ ನೋಡಿ.)

ಮೇಷ್ಟ್ರು ಬರೆದ: ಯೋವುರ್ತ್.
ನಾವು ಡಬ್ಬಿಯ ಮೇಲೆ ಯೋಗರ್ಟ್ ಅಂತ ಓದುತ್ತೇವಲ್ಲ, ಅದೇ.
ಎಡಕ್ಕೆ: ಮೊಸರು.
ಬಲಕ್ಕೆ: ನಾದು, ಮಿದಿ, ದಟ್ಟವಾಗಿಸು ಎಂಬ ಧಾತುವಿನಿಂದ.
ಬರೆದವನೇ ತಲೆ ಎತ್ತಿ ಕೇಳಿದ:
"ಅಲ್ಲಮ್ಮ, ಇದನ್ನ ನಾದಿದ್ದು ಯಾರು?
ಹಿಟ್ಟಿಗಾದರೆ ಮೊಣಕೈವರೆಗೆ ಇಳೀತೀರಿ, ಗುದ್ದುತೀರಿ.
ಇದಕ್ಕೆ ಕಂಬಳಿ ಹೊದಿಸಿ
ಮುಟ್ಟೀಯಾ ಜೋಕೆ ಅಂತ ಮಕ್ಕಳ ಕೈಗೆ ಹೊಡೀತೀರಿ."

ದೊಂದು ಇದ್ದ ನಾಲ್ಕು ಹಲ್ಲಲ್ಲಿ ನಕ್ಕಳು.
"ಮುಟ್ಟದೇ ಇರೋದೂ ಕೆಲಸವೇ ಮೇಷ್ಟ್ರೇ.
ಕಲಿಯೋಕೆ ನನಗೆ ಹದಿನೇಳು ವರ್ಷ ಹಿಡೀತು."

"ಈ ಹೆಪ್ಪಿನ ಮೂಲ?"
"ನಮ್ಮತ್ತೆ."
"ಅವರಿಗೆ?"
"ಅವರತ್ತೆ."
"ಮೊಟ್ಟಮೊದಲು?"
"ಒಂದು ಚಳಿಗಾಲ ಹೆಪ್ಪು ಸತ್ತೇಹೋಯ್ತು.
ವಸಂತ ಬಂದ ದಿನ, ಸೂರ್ಯ ಏಳೋ ಮುಂಚೆ,
ಹುಲ್ಲಿನ ಮೇಲಿನ ಇಬ್ಬನಿ ಬಟ್ಟೇಲಿ ಹಿಂಡಿ ಹಾಕಿದೆ.
ಕಟ್ಟಿತು.
ಇಬ್ಬನಿಯ ಅತ್ತೆ ಯಾರು ಅಂತ ನೀವೇ ಬರಕೊಳ್ಳಿ."

"ನಿಮ್ಮ ಹೆಸರು?"
"ದೊಂದು."
"ಅರ್ಥ?" ಗೊತ್ತಿದ್ದೂ ಕೇಳಿದ, ನಿಯಮ ನಿಯಮವೇ.
"ತಿರುಗಿತು ಅಂತ. ಐದು ಹೆಣ್ಣಾದ ಮೇಲೆ ನಾನು.
ಇನ್ನಾದರೂ ದೆಸೆ ತಿರುಗಲಿ, ಗಂಡಾಗಲಿ ಅಂತ ಅಪ್ಪ ಇಟ್ಟ."
"ತಿರುಗಿತಾ?"
"ನನ್ನ ಬೆನ್ನಿಗೆ ಬಂದವಳು ಯೆತೆರ್. ಸಾಕು ಅಂತ ಅರ್ಥ.
ಅರ್ಥ ಇಟ್ಟೋರು ಅವರು,
ಹೊತ್ತು ತಿರುಗಿದ್ದು ನಾವು."

ಇದನ್ನು ಬರೆಯಲು
ಚೀಟಿಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ.
ಗಾಳಿ ಬೀಸಿತು. ಯೋವುರ್ತ್ ಹಾರಿ
ನಿನ್ನೆಯ ಮೊಸರಿನ ಗಡಿಗೆಯಲ್ಲಿ ಮಕಾಡೆ ಬಿತ್ತು.
ದೊಂದು ಎತ್ತಿ, ಝಾಡಿಸಿ, ಡೇರೆಯ ಹಗ್ಗಕ್ಕೆ ಒಣಹಾಕಿದಳು.
"ಮೂಲ ಬೇಕು ಅಂದಿರಲ್ಲ," ಅಂದಳು, "ಅಂಟಿಕೊಂಡಿದೆ."

ಮೂರು ವಾರಕ್ಕೆ ಅಂಕಾರಾದಿಂದ ಲಕೋಟೆ.
ನೂರತೊಂಬತ್ತೊಂಬತ್ತು ಚೀಟಿ ಸ್ವೀಕೃತ. ಒಂದು ವಾಪಸ್ಸು.
ಷರಾ: ಇದು ಎಲ್ಲರಿಗೂ ಗೊತ್ತಿರುವ ಪದ.
ಗೊತ್ತಿಲ್ಲದ್ದನ್ನು ಕಳಿಸಿ. ಅಲ್ಲದೆ, ಕಾಗದ ಕೊಳಕಾಗಿದೆ.

ಆ ರಾತ್ರಿ ಬಾಡಿಗೆಯ ಕೋಣೆಯಲ್ಲಿ
ರೆಫಿಕ್ ಹಾಲು ಕಾಯಿಸಿದ.
ಕಿರುಬೆರಳು ಅದ್ದಿದ. ಮೂರಕ್ಕೇ ಸುಟ್ಟಿತು, ಕಾದ.
ಮತ್ತೆ ಅದ್ದಿದ. ಏಳು.
ಚೀಟಿಯನ್ನು ನಿಧಾನಕ್ಕೆ ಅಂಚಿನಿಂದ ಜಾರಿಸಿದ.
ಅಕ್ಷರ ಬಿಚ್ಚಿಕೊಂಡು ಹಾಲಿಗೊಂದು ನೇರಳೆ ನರ ಎಳೆಯಿತು.
ತಟ್ಟೆ ಮುಚ್ಚಿ, ಇದ್ದೊಂದೇ ಕೋಟು ಹೊದಿಸಿ
ತಾನು ನಡುಗುತ್ತ ಮಲಗಿದ.

ನಾಲ್ಕು ಗಂಟೆಗೆ ಎಚ್ಚರ.
ಕೈ ತಟ್ಟೆಯವರೆಗೂ ಹೋಯಿತು,
ಕೋಟಿನ ಗುಂಡಿಯ ಮೇಲೆ ನಿಂತಿತು.
ಹದಿನೇಳು ವರ್ಷದಲ್ಲಿ
ಇದು ಮೊದಲನೆಯ ರಾತ್ರಿ.